ಗೊರೂರಿನ ಮೊಟ್ಟೆ

ಭಾನುವಾರ ಸಂಜೆ ಹಾಸನದ ಮಹಾರಾಜ ಪಾರ್ಕಿಗೆ ಪುಟ್ಟಸ್ವಾಮಿ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಹಸುಗೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಂದ. ಬಿಚ್ಚಿದರೆ ಗುಂಡುಕಲ್ಲು. ಬೂದು ಮೈ, ವಿಭೂತಿ ಎಳೆದಂತೆ ಬಿಳಿ ಪಟ್ಟೆ, ನೆತ್ತಿಯಲ್ಲಿ ಒಂದು ಚಿಟಿಕೆ ಕುಂಕುಮ.

“ಗೊರೂರಿನ ಹೊಳೆಯಲ್ಲಿ ಸಿಕ್ಕಿತು. ಡೈನೋಸಾರ್ ಮೊಟ್ಟೆ,” ಎಂದ, ಪಕ್ಕದ ಬೆಂಚಿಗೆ ಕೇಳಿಸದಂತೆ.

ರಂಗಪ್ಪ ಮೇಷ್ಟರು ಕನ್ನಡಕ ಏರಿಸಿದರು. ನಿವೃತ್ತರಾದ ಮೇಲೆ ಅವರ ವಿಜ್ಞಾನದ ಪಾಠಕ್ಕೆ ನಾವೇ ಗತಿ.

“ಮೊಟ್ಟೆ ಬೇಕಿದ್ದರೆ ನರ್ಮದಾ ತೀರಕ್ಕೆ ಹೋಗಬೇಕಯ್ಯಾ. ಅಲ್ಲಿ ಲಮೇಟಾ ಎಂಬ ಶಿಲಾಪದರವಿದೆ, ಡೈನೋಸಾರ್‌ಗಳಿದ್ದ ಕೊನೆಯ ಯುಗವಾದ ಕ್ರಿಟೇಷಿಯಸ್ಸಿನ ಕೊನೆಗಾಲದ್ದು. 1828ರಲ್ಲೇ ಜಬಲ್ಪುರದಲ್ಲಿ ಸ್ಲೀಮನ್ ಎಂಬ ಅಧಿಕಾರಿಗೆ ಡೈನೋಸಾರ್ ಮೂಳೆ ಸಿಕ್ಕಿತ್ತು.”

“ದಾರಿಹೋಕರನ್ನು ಕೊಂದು ದೋಚುತ್ತಿದ್ದ ಥಗ್ಗರನ್ನು ಹಿಡಿದ ಸ್ಲೀಮನ್ನೇ?” ಎಂದರು ನಂಜೇಗೌಡರು.

“ಅವನೇ.”

“ಸತ್ತು ಕಲ್ಲಾದವರನ್ನೂ ಬಿಡಲಿಲ್ಲವಲ್ಲ!”

ಮೇಷ್ಟರು ನಗಲಿಲ್ಲ. “ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಡೆ 92 ಗೂಡುಗಳಲ್ಲಿ 256 ಮೊಟ್ಟೆಗಳಿದ್ದುದು 2023ರಲ್ಲಿ ಪ್ರಕಟವಾಯಿತು. ಒಂದೊಂದೂ 15ರಿಂದ 17 ಸೆಂಟಿಮೀಟರ್.”

“ಇದು ಹದಿನಾರು! ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅಳೆದಿದ್ದೇನೆ.”

“ಗುಜರಾತಿನಲ್ಲಿ ಮೂರೂವರೆ ಮೀಟರಿನ ಹಾವೊಂದು ಗೂಡಿನಲ್ಲಿ ಮೊಟ್ಟೆಗೆ ಸುತ್ತಿಕೊಂಡೇ ಶಿಲೆಯಾಗಿದೆ.”

“ನಮ್ಮ ಕೋಳಿಗೂಡಿನ ಕಥೆಯೇ,” ಎಂದರು ನಂಜೇಗೌಡರು. ಹೋದ ವಾರದ ಕೇರೆಹಾವಿನ ಸಂಕಟ ಅವರದು.

“ಧಾರ್‌ನ ಹಳ್ಳಿಯವರು ಆ ಮೊಟ್ಟೆಗಳನ್ನು ಹೊಲ, ದನ ಕಾಯುವ ಭೈರವನೆಂದು ಪೂಜಿಸುತ್ತಿದ್ದರಂತೆ.”

ಪುಟ್ಟಸ್ವಾಮಿ ಹಿಗ್ಗಿದ. “ನಮ್ಮ ಮನೆಯಲ್ಲೂ ಬೆಳಿಗ್ಗೆ ಪೂಜೆಯಾಗಿದೆ!”

“ಆದರೆ ಇದು ನೈಸ್ ಶಿಲೆ.”

“ನೈಸಾಗಿಯೇ ಇದೆ ಮೇಷ್ಟರೇ, ಸವರಿ ನೋಡಿ.”

“ಅಯ್ಯೋ, ಕಲ್ಲಿನ ಜಾತಿಯ ಹೆಸರಯ್ಯಾ ಅದು! ಲಮೇಟಾ ಏಳು ಕೋಟಿ ವರ್ಷದ ಆಸುಪಾಸಿನದು. ಗೊರೂರಿನ ಪಟ್ಟೆಕಲ್ಲು ಸುಮಾರು 330 ಕೋಟಿ. ಆಗ ಡೈನೋಸಾರ್ ಇರಲಿ, ಮೂಳೆ ಎಂಬುದೇ ಹುಟ್ಟಿರಲಿಲ್ಲ.”

“ಹಾಗಾದರೆ ಮೊಟ್ಟೆಗಿಂತ ಬೆಲೆ ಹೆಚ್ಚಲ್ಲವೇ?”

“ಹೊಳೆಯ ತುಂಬ ಇದೆ. ನಿಮ್ಮ ಮನೆಯ ಪಾಯದಲ್ಲೂ ಇದ್ದೀತು.”

ನನಗೂ ಪಿಚ್ಚೆನಿಸಿತು. ಹತ್ತಿರದಲ್ಲೇ ಸಿಗುವ ವಸ್ತುವಿಗೆ ಎಷ್ಟು ಕೋಟಿ ವರ್ಷವಾದರೇನು, ಮರ್ಯಾದೆ ಕಡಿಮೆಯೇ.

ಅಷ್ಟರಲ್ಲಿ ಗಾಳಿ ಬೀಸಿತು. ಕಡಲೆಕಾಯಿಯವನ ಪೊಟ್ಟಣದ ಕಾಗದಗಳು ಹಾರತೊಡಗಿದವು. “ಸ್ವಾಮಿ, ಆ ಕಲ್ಲು ಸ್ವಲ್ಪ ಕೊಡಿ,” ಎಂದ.

ಪುಟ್ಟಸ್ವಾಮಿ ಕುಂಕುಮ ಒರೆಸಿ ಕೊಟ್ಟ.