ಆಲ್ಫಾ ಫೈ ಆಲ್ಫಾ ಸ್ಟೋಲ್: ಕಪ್ಪು, ಓಲ್ಡ್ ಗೋಲ್ಡ್ ಮತ್ತು ಸ್ಫಿಂಕ್ಸ್ ಬಗ್ಗೆ ಮಾಹಿತಿ ಬೇಕು

ಪ್ರಶ್ನೆ (ಸೂಜಿದಾರ)

ಅಮೆರಿಕದ ಘಟಿಕೋತ್ಸವಕ್ಕೆ ಗೌನ್ ಮೇಲೆ ಹಾಕಿಕೊಳ್ಳುವ ಸ್ಟೋಲ್‌ಗಳ ಎಂಬ್ರಾಯ್ಡರಿ ಆರ್ಡರ್ ಇದೆ. ಆಲ್ಫಾ ಫೈ ಆಲ್ಫಾ ಎಂಬ ಕಾಲೇಜು ಫ್ರೆಟರ್ನಿಟಿಯದು (ವಿದ್ಯಾರ್ಥಿಗಳ ಸೋದರ ಸಂಘ). ಕಪ್ಪು ಸ್ಯಾಟಿನ್ ಮೇಲೆ ಓಲ್ಡ್ ಗೋಲ್ಡ್ ಬಣ್ಣದಲ್ಲಿ ಮೂರು ಗ್ರೀಕ್ ಅಕ್ಷರ, ಕೆಳಗೆ 7 ಸೆಂ.ಮೀ. ಎತ್ತರದ ಸ್ಫಿಂಕ್ಸ್ ತಲೆ. ಬಣ್ಣ ಮತ್ತು ಚಿಹ್ನೆಯ ಅರ್ಥ ತಿಳಿಸುವ ಒಂದು ಕಾರ್ಡ್ ಕೂಡ ಕೇಳಿದ್ದಾರೆ. ನೆಟ್‌ನಲ್ಲಿ ರೆಕ್ಕೆ ಇರುವ ಸ್ಫಿಂಕ್ಸ್, ಇಲ್ಲದ್ದು ಎರಡೂ ಸಿಗುತ್ತವೆ. ಯಾವುದು ಸರಿ? ಜರಿ ದಾರ ಹಾಕಬಹುದಾ? ಕಾರ್ಡಿನಲ್ಲಿ ಏನು ಬರೆಯೋದು?

ಉತ್ತರ (ಹಳೇಪುಟ)

ರೆಕ್ಕೆ ಇರುವುದು ಗ್ರೀಕರ ಸ್ಫಿಂಕ್ಸ್, ಹೆಣ್ಣಿನ ಮುಖದ್ದು. ಅದನ್ನು ಹಾಕಲೇಬೇಡಿ. ಇವರದು ಈಜಿಪ್ಟಿನ ಗೀಜಾದಲ್ಲಿರುವ ಮಹಾ ಸ್ಫಿಂಕ್ಸ್: ಸಿಂಹದ ಮೈ, ರಾಜನ ತಲೆ, ಎರಡೂ ಕಡೆ ಇಳಿಬಿದ್ದ ಪಟ್ಟೆ ಪಟ್ಟೆಯ ತಲೆವಸ್ತ್ರ. ಹೆಸರಿನ ಅಕ್ಷರ ಗ್ರೀಕ್ ಆದರೂ ಚಿಹ್ನೆ ಆಫ್ರಿಕಾದ್ದು. ಈ ಸಂಘದ ಗುರುತಿನಲ್ಲಿ ನಿಜವಾಗಿ ತೂಕ ಇರುವುದು ಇಲ್ಲೇ.

ಹಿನ್ನೆಲೆ ಇಷ್ಟು. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1904–05ರಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಮರುವರ್ಷ ವಾಪಸ್ ಬರಲಿಲ್ಲ. ಉಳಿದವರು ಒಬ್ಬರಿಗೊಬ್ಬರು ಆಸರೆಯಾಗಲು ಓದಿನ ಗುಂಪೊಂದನ್ನು ಕಟ್ಟಿಕೊಂಡರು. 1906ರ ಅಕ್ಟೋಬರ್ 23ರ ಸಭೆಯಲ್ಲಿ ಜಾರ್ಜ್ ಕೆಲ್ಲಿ ಆಲ್ಫಾ ಫೈ ಆಲ್ಫಾ ಎಂಬ ಹೆಸರನ್ನೂ ರಾಬರ್ಟ್ ಓಗಲ್ ಕಪ್ಪು ಮತ್ತು ಚಿನ್ನದ ಬಣ್ಣಗಳನ್ನೂ ಸೂಚಿಸಿದರು. ಸಾಹಿತ್ಯ ಸಂಘವಾಗಿಯೇ ಇರುವುದೋ ಫ್ರೆಟರ್ನಿಟಿ ಆಗುವುದೋ ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಅದು ಡಿಸೆಂಬರ್ 4ರಂದು ತೀರ್ಮಾನವಾಯಿತು, ಆ ದಿನವನ್ನೇ ಸ್ಥಾಪನೆಯ ದಿನ ಎನ್ನುತ್ತಾರೆ. ಏಳು ಮಂದಿ ಸ್ಥಾಪಕರನ್ನು 'ಏಳು ರತ್ನಗಳು' ಎಂದು ಕರೆಯುವುದು ರೂಢಿ. 1914ರಲ್ಲಿ ಶುರುವಾದ ಅವರ ಪತ್ರಿಕೆಯ ಹೆಸರೂ 'ದಿ ಸ್ಫಿಂಕ್ಸ್'.

ಕಾರ್ಡಿನ ವಿಷಯ: ಕಪ್ಪಿಗೆ ಇಂಥ ಗುಣ, ಚಿನ್ನಕ್ಕೆ ಇಂಥ ಗುಣ ಎಂದು ಹಚ್ಚಿದ ಪಟ್ಟಿಗಳನ್ನು ಎತ್ತಿಕೊಳ್ಳಬೇಡಿ. ಇಂಥ ಸಂಘಗಳಲ್ಲಿ ಒಳಗಿನ ಅರ್ಥವನ್ನು ಹೇಳಿಕೊಡುವುದು ದೀಕ್ಷೆ ಆದವರಿಗೆ ಮಾತ್ರ. ಹೊರಗಿನವರು ಊಹಿಸಿ ಅಚ್ಚು ಹಾಕಿದರೆ ಸದಸ್ಯರಿಗೆ ಅವಮಾನವಾಗುತ್ತದೆ. ತಾರೀಖು, ಊರು, ಬಣ್ಣ ಸೂಚಿಸಿದವರ ಹೆಸರು, ಸ್ಫಿಂಕ್ಸ್ ಗೀಜಾದ್ದು ಎಂಬ ನಾಲ್ಕು ಸಂಗತಿ ಸಾಕು.

ಉತ್ತರ (ಹೂಪ್‌ಮಾಸ್ಟರ್)

ಜರಿ ಬೇಡ. ಓಲ್ಡ್ ಗೋಲ್ಡ್ ಮಿಂಚುವ ಬಣ್ಣವಲ್ಲ, ಸ್ವಲ್ಪ ಮಾಸಿದ, ಕಂದಿನ ಕಡೆಗೆ ವಾಲಿದ ಹಳದಿ. ವೆಬ್ ಬಣ್ಣಗಳ ಪಟ್ಟಿಯಲ್ಲಿ ಅದರ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಪ್ರಮಾಣ) 207, 181, 59. ಕಾರ್ಡ್ ಮುದ್ರಣಕ್ಕೆ ಸಿಎಂವೈಕೆ (ನಾಲ್ಕು ಶಾಯಿಗಳ ಶೇಕಡಾ ಪ್ರಮಾಣ) ಸುಮಾರು 0, 13, 71, 19ರಿಂದ ಶುರು ಮಾಡಿ ಪ್ರೂಫ್ ನೋಡಿ. ಅರಿಶಿನದಂಥ ಹಳದಿ ಬಂದರೆ ಅದು ಬೇರೆ ಸಂಘದ ಬಣ್ಣದಂತೆ ಕಾಣುತ್ತದೆ. ಶೇಡ್ ಕಾರ್ಡನ್ನು ಕಪ್ಪು ಸ್ಯಾಟಿನ್ ಮೇಲೆಯೇ ಇಟ್ಟು ಆರಿಸಿ, ಬಿಳಿ ಮೇಜಿನ ಮೇಲಲ್ಲ. ಕಪ್ಪಿನ ಮೇಲೆ ಎಲ್ಲ ಚಿನ್ನವೂ ಒಂದು ಹಂತ ಹೊಳಪಾಗಿಯೇ ಕಾಣುತ್ತದೆ.

40 ನಂಬರ್ ಪಾಲಿಯೆಸ್ಟರ್ ದಾರ, 75/11 ಸೂಜಿ. ಸ್ಟಿಚ್ ಅಂತರ 0.4 ಮಿ.ಮೀ.; ಅದಕ್ಕಿಂತ ಸಡಿಲವಾದರೆ ನಡುವೆ ಕಪ್ಪು ಇಣುಕುತ್ತದೆ. ಅಂಡರ್‌ಲೇ (ಮೇಲಿನ ಹೊಲಿಗೆಗೆ ಮೊದಲು ಹಾಕುವ ಅಡಿ ಹೊಲಿಗೆ) ಕೂಡ ಅದೇ ಓಲ್ಡ್ ಗೋಲ್ಡ್ ದಾರದಲ್ಲೇ ಇರಲಿ. ಸ್ಯಾಟಿನ್ ಸುಕ್ಕುಗಟ್ಟುವುದಕ್ಕೆ ಬಹುಪಾಲು ಕಾರಣ ತೆಳು ಬ್ಯಾಕಿಂಗ್ (ಬಟ್ಟೆಯ ಹಿಂದೆ ಕೊಡುವ ಆಧಾರದ ಪದರ), ಆದ್ದರಿಂದ ಹೊಲಿದ ಮೇಲೆ ಸುತ್ತ ಕತ್ತರಿಸುವ ಕಟ್-ಅವೇ ಬಗೆಯದನ್ನು ಎರಡು ಪದರ ಕೊಡಿ. ಹೂಪಿನ (ಬಟ್ಟೆ ಬಿಗಿಯುವ ಚೌಕಟ್ಟಿನ) ಅಚ್ಚು ಬೀಳದಂತೆ ಬ್ಯಾಕಿಂಗನ್ನಷ್ಟೇ ಹೂಪಿಗೆ ಬಿಗಿದು ಬಟ್ಟೆಯನ್ನು ಅಂಟಿನ ಸ್ಪ್ರೇಯಿಂದ ಮೇಲೆ ಕೂರಿಸಿ.

ಕೆಡುವುದು ತಲೆವಸ್ತ್ರದ ಪಟ್ಟೆಗಳಲ್ಲಿ. 7 ಸೆಂ.ಮೀ. ಚಿತ್ರದಲ್ಲಿ ಪ್ರತಿ ಕಡೆ ಐದಾರು ಪಟ್ಟೆಗಿಂತ ಹೆಚ್ಚು ಬೇಡ. ಕಪ್ಪು ಪಟ್ಟೆಗೆ ದಾರ ಹಾಕದೆ ಬಟ್ಟೆಯನ್ನೇ ಬಿಡಿ, ಆದರೆ ಹೊಲಿದ ಮೇಲೆ ಕನಿಷ್ಠ 1 ಮಿ.ಮೀ. ಜಾಗ ಉಳಿಯಬೇಕು. ಪುಲ್ ಕಾಂಪೆನ್ಸೇಷನ್ (ದಾರದ ಎಳೆತಕ್ಕೆಂದು ಹೊಲಿಗೆಯನ್ನು ಅಗಲಿಸುವುದು) 0.2 ಮಿ.ಮೀ. ಕೊಟ್ಟರೆ ಎರಡೂ ಅಂಚಿನಿಂದ ಜಾಗ ತಿನ್ನುತ್ತದೆ, ಡಿಜಿಟೈಸ್ ಮಾಡುವಾಗಲೇ (ಚಿತ್ರವನ್ನು ಹೊಲಿಗೆ ಫೈಲ್ ಆಗಿಸುವಾಗ) 1.4 ಮಿ.ಮೀ. ಇಟ್ಟುಕೊಳ್ಳಿ.

ಉತ್ತರ (ಹಳೇಪುಟ)

ಮೂಗಿನ ಬಗ್ಗೆಯೂ ಗ್ರಾಹಕರನ್ನು ಕೇಳಿ. ಗೀಜಾದ ಶಿಲ್ಪಕ್ಕೆ ಈಗ ಮೂಗಿಲ್ಲ. ನೆಪೋಲಿಯನ್ ಸೈನಿಕರು ಒಡೆದರು ಅನ್ನುವುದು ಸುಳ್ಳು, ಅವನು ಹುಟ್ಟುವ ಮೊದಲೇ 1737ರಲ್ಲಿ ಡೆನ್ಮಾರ್ಕಿನ ಪ್ರವಾಸಿ ಫ್ರೆಡೆರಿಕ್ ನಾರ್ಡನ್ ಬರೆದ ಚಿತ್ರದಲ್ಲೂ ಮೂಗಿಲ್ಲ. ಪೂರ್ತಿ ಮುಖ ಬೇಕೋ ಈಗಿನಂತೆ ಬೇಕೋ, ಅವರೇ ಚಿತ್ರ ಕಳಿಸಲಿ.

ಉತ್ತರ (ಅಚ್ಚುಕಟ್ಟು)

ಎರಡು ಮಾತು ಸೇರಿಸುತ್ತೇನೆ. ಬಣ್ಣ ನೋಡಿ ಸಂಘ ಗುರುತಿಸಬೇಡಿ. ಪರ್ಡ್ಯೂ ವಿಶ್ವವಿದ್ಯಾಲಯದ ಬಣ್ಣವೂ ಓಲ್ಡ್ ಗೋಲ್ಡ್ ಮತ್ತು ಕಪ್ಪು. ಒಮೆಗಾ ಸೈ ಫೈ ಸಂಘದ್ದು ನೇರಳೆ ಮತ್ತು ಓಲ್ಡ್ ಗೋಲ್ಡ್. ಗೊಂದಲ ತಪ್ಪಿಸುವುದು ಅಕ್ಷರ ಮತ್ತು ಸ್ಫಿಂಕ್ಸ್. ನಡುವಿನ ಫೈ ಅಂದರೆ ನೆಟ್ಟಗೆ ನಿಂತ ಗೆರೆ ಹಾಯ್ದ ವೃತ್ತ. ಫಾಂಟ್ ಸಿಗಲಿಲ್ಲವೆಂದು ಓರೆಗೆರೆಯ ಸೊನ್ನೆ ಹಾಕಿದರೆ ಇಡೀ ಲಾಟ್ ವಾಪಸ್ ಬರುತ್ತದೆ. ಆಲ್ಫಾದ ಅಡ್ಡಗೆರೆ ಬಿಟ್ಟುಹೋದರೆ ಅದು ಲ್ಯಾಂಬ್ಡಾ, ಬೇರೆಯೇ ಅಕ್ಷರ.

ಸ್ಟೋಲಿನ ಎರಡು ತುದಿಗೂ ಸ್ಫಿಂಕ್ಸ್ ಎದುರುಬದುರಾಗಲಿ ಎಂದು ಫೈಲ್ ಮಿರರ್ ಮಾಡುವಾಗ ಅಕ್ಷರಗಳನ್ನು ಬೇರ್ಪಡಿಸಿ. ಈ ಮೂರೂ ಅಕ್ಷರ ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಆದರೆ ಸೆರಿಫ್ ಫಾಂಟಿನಲ್ಲಿ (ತುದಿಗಳಲ್ಲಿ ಪುಟ್ಟ ಗೆರೆ ಇರುವ ಅಕ್ಷರ ಶೈಲಿ) ಆಲ್ಫಾದ ದಪ್ಪ ಕಾಲು ಬಲಗಡೆ ಇರಬೇಕಾದದ್ದು ಎಡಕ್ಕೆ ಬಂದುಬಿಡುತ್ತದೆ.

ಹೆಸರು, ಅಕ್ಷರ, ಲಾಂಛನ ಎಲ್ಲವೂ ಅವರ ಟ್ರೇಡ್‌ಮಾರ್ಕ್. ಹೊಲಿಗೆ ಶುರು ಮಾಡುವ ಮೊದಲೇ ಲೈಸೆನ್ಸ್ ಪ್ರತಿಯನ್ನು ಗ್ರಾಹಕರಿಂದ ತರಿಸಿಕೊಳ್ಳಿ. ಮಿಕ್ಕ ಪೀಸುಗಳನ್ನು ಅಂಗಡಿಯಲ್ಲಿ ಮಾರಬೇಡಿ. ಸದಸ್ಯರಲ್ಲದವರು ಆ ಅಕ್ಷರ ತೊಡುವುದನ್ನು ಅವರು ಸಹಿಸುವುದಿಲ್ಲ. ಎಣಿಸಿ ಅವರಿಗೇ ಕಳಿಸಿ, ಇಲ್ಲವೇ ಕತ್ತರಿಸಿ ಹಾಕಿ.