ಹಾಲ್‌ಗೆ ಕಣ್ಣಿಗೆ ತಂಪಾಗಿರೋ ಬಣ್ಣ ಯಾವುದು? ಬಿಳಿ ಹೊಡೆಸಿದ್ರೆ ಆಸ್ಪತ್ರೆ ಥರ ಆಗುತ್ತಾ?

ಹೊಸಮನೆ_ಬೆಂಗ್ಳೂರು:
ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ನಮ್ಮದು 2 ಬಿಎಚ್‌ಕೆ ಫ್ಲ್ಯಾಟ್, ಮುಂದಿನ ತಿಂಗಳು ಪೇಂಟಿಂಗ್ ಮಾಡಿಸ್ಬೇಕು. ಹಿಂದಿನ ಓನರ್ ಹಾಲ್‌ನಲ್ಲಿ ಒಂದು ಗೋಡೆಗೆ ಆರೆಂಜ್, ಬೆಡ್‌ರೂಮಿಗೆ ನೇರಳೆ ಹೊಡೆಸಿದಾರೆ, ಆಫೀಸಿಂದ ಬಂದು ಕೂತ್ರೆ ಕಣ್ಣಿಗೂ ತಲೆಗೂ ಸಮಾಧಾನಾನೇ ಇಲ್ಲ. ಮಣ್ಣು, ಮರ, ಹತ್ತಿ ಈ ಥರದ ಬಣ್ಣಗಳಲ್ಲೇ ಇಡೀ ಮನೆ ಇರ್ಲಿ ಅಂತ ನಂಗಾಸೆ. ಅತ್ತೆ "ಎಲ್ಲಾ ಬಿಳಿ ಮಾಡಿದ್ರೆ ಆಸ್ಪತ್ರೆ ಥರ ಇರುತ್ತಮ್ಮ" ಅಂತಾರೆ, ಅದ್ರಲ್ಲೂ ಅರ್ಥ ಇದೆ ಅನ್ಸುತ್ತೆ. ಹಾಲ್ ಕಿಟಕಿ ಪಶ್ಚಿಮಕ್ಕಿದೆ, ನೆಲ ಹೊಳೆಯೋ ಕ್ರೀಮ್ ಟೈಲ್ಸ್, ಅದನ್ನ ಕೀಳ್ಸೋಕಾಗಲ್ಲ. ಯಾವ ಶೇಡ್ ತಗೊಳ್ಳಲಿ?

ಗೋಡೆಕೆಲಸ:
ಮೇಡಂ, ನಿಮ್ಮತ್ತೆ ಹೇಳಿದ್ದು ಸರಿ, ಆದ್ರೆ ಆಸ್ಪತ್ರೆ ಕಳೆ ಬರೋದು ಬಿಳಿಯಿಂದ ಅಲ್ಲ, ಮೇಲೆ ಉರಿಯೋ ಲೈಟಿಂದ. ಬಲ್ಬ್ ಡಬ್ಬಿ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇರುತ್ತಲ್ಲ, ಅದು ನೀಲಿ ಕಡೆಗಿರೋ ಬೆಳಕು, ಅದರ ಕೆಳಗೆ ಎಂಥ ಒಳ್ಳೆ ಶೇಡ್ ಆದ್ರೂ ಕಳೆಗೆಟ್ಟ ಹಾಗೆ ಕಾಣುತ್ತೆ. ಹಾಲ್‌ಗೂ ಬೆಡ್‌ರೂಮಿಗೂ 2700 ಇಲ್ಲಾ 3000 ಕೆ, ಅಂದ್ರೆ ಹಳದಿ ಕಡೆಗಿರೋ ಬಲ್ಬ್ ಹಾಕಿಸಿ, ಅಡುಗೆಮನೆಗೆ 4000 ಇರ್ಲಿ. ಪೇಂಟ್‌ಗಿಂತ ಮುಂಚೆ ಇದನ್ನ ಮಾಡಿ, ದುಡ್ಡೂ ಕಮ್ಮಿ.

ಶೇಡ್ ವಿಷಯಕ್ಕೆ ಬಂದ್ರೆ, ಪಶ್ಚಿಮದ ಕಿಟಕಿ ಅಂದ್ಮೇಲೆ ಸಂಜೆ ಬಿಸಿಲು ಕೇಸರಿಯಾಗಿ ಬೀಳುತ್ತೆ, ಹಳದಿ ಬೆರೆತ ಕ್ರೀಮ್ ಹೊಡೆಸಿದ್ರೆ ಆ ಹೊತ್ತಲ್ಲಿ ಗೋಡೆ ಬೆಣ್ಣೆ ಬಿಸ್ಕತ್ತಿನ ಹಾಗಾಗುತ್ತೆ, ಜೊತೆಗೆ ಟೈಲ್ಸ್ ಬೇರೆ ತನ್ನ ಕ್ರೀಮ್‌ನ ಗೋಡೆಗೆ ಎಸೆಯುತ್ತೆ. ಹಾಗಾಗಿ ಚೂರು ಬೂದು ಸೇರಿದ ಬಿಳಿ ಇಲ್ಲಾ ತೆಳು ಮರಳು ಬಣ್ಣ ನೋಡಿ. ಉತ್ತರಕ್ಕೆ ಕಿಟಕಿ ಇರೋ ರೂಮ್‌ಗೆ ಇದೇ ಬೂದು ಮಂಕಾಗುತ್ತೆ, ಅಲ್ಲಿಗೆ ಕ್ರೀಮೇ ಒಳ್ಳೇದು. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು ದೊಡ್ಡ ಚಾರ್ಟ್ ಪೇಪರ್ ಮೇಲೆ ಎರಡು ಕೋಟ್ ಹಚ್ಚಿ ಬೆಳಿಗ್ಗೆ, ಸಂಜೆ, ಲೈಟ್ ಹಾಕಿದ ಮೇಲೆ ಮೂರೂ ಹೊತ್ತು ನೋಡಿ. ಆರೆಂಜ್ ಗೋಡೆ ಮೇಲೆ ಮಾತ್ರ ನೇರ ಹಚ್ಚಿ ನೋಡ್ಬೇಡಿ, ಸುತ್ತ ಆರೆಂಜ್ ಇದ್ರೆ ಬೂದು ನೀಲಿಯಾಗಿ ಕಾಣುತ್ತೆ, ಕಣ್ಣು ಮೋಸ ಹೋಗುತ್ತೆ. ಫಿನಿಶ್ ಮ್ಯಾಟ್, ಅಂದ್ರೆ ಹೊಳಪಿಲ್ಲದ್ದು ತಗೊಳ್ಳಿ, ಆರೆಂಜ್ ಮೇಲೆ ಮೊದ್ಲು ಪ್ರೈಮರ್ (ಪೇಂಟ್‌ಗೆ ಮುಂಚಿನ ಅಡಿ ಕೋಟ್) ಹೊಡೆಸ್ಲೇಬೇಕು.

ಧಾರವಾಡ_ಪೇಢೆ:
ಅಕ್ಕಾರ, ಗೋಡಿ ಎಲ್ಲಾ ತೆಳು ಬಣ್ಣ, ಸೋಫಾನೂ ತೆಳು ಬಣ್ಣ ಆದ್ರ ಮನಿ ಬಿಕೋ ಅಂತೈತಿ ನೋಡ್ರಿ. ಒಂದ ನವಲಗುಂದ ಜಮಖಾನಿ ಹಾಸ್ರಿ. ಪಕ್ಕಾ ಹತ್ತೀದು, ನಿಂತ ಮಗ್ಗದಾಗ ಹೆಣ್ಮಕ್ಕಳ ಕೈಲೆ ನೇಯೋದು, ನವಿಲು ಗಿವಿಲು ಎಷ್ಟ ಚಂದ ಇರ್ತಾವ. ಅಷ್ಟ ಬಣ್ಣ ಒಂದ ಜಾಗಾದಾಗ ಇದ್ರ ಉಳಿದ ಮನಿ ಇನ್ನೂ ತಣ್ಣಗ ಕಾಣ್ತೈತಿ, ಟೈಲ್ಸ್ ಹೊಳಪು ಕಣ್ಣಿಗೆ ಹೊಡಿಯೂದೂ ಕಮ್ಮಿ ಆಕ್ಕೈತಿ. ಕರ್ಟನ್‌ಗೆ ಖಾದಿ ಅಂಗಡ್ಯಾಗ ಕೋರಾ (ಬಣ್ಣ ಹಾಕದ) ಬಟ್ಟಿ ತಗೋರಿ, ಹೊಲಿಸೂಕಿಂತ ಮೊದಲ ನೀರಾಗ ನೆನಸಿ ಒಣಗಿಸ್ರಿ, ಇಲ್ಲಾಂದ್ರ ಮೊದಲನೇ ಒಗತಕ್ಕ ಗಿಡ್ಡ ಆಗ್ತಾವ.

ಹೊಸಮನೆ_ಬೆಂಗ್ಳೂರು:
ಜಮಖಾನ ಐಡಿಯಾ ಅತ್ತೆಗೆ ತುಂಬಾ ಇಷ್ಟ ಆಯ್ತು! ಇನ್ನೆರಡು ಕೇಳ್ಲಾ, ಬೆತ್ತದ ಕುರ್ಚಿ ಬಾಳಿಕೆ ಬರುತ್ತಾ? ಒಂದು ಗೋಡೆಗೆ ಸುಣ್ಣ ಹೊಡೆಸ್ಬಹುದಾ, ಆ ಮೋಡ ಮೋಡದ ಥರದ ಲುಕ್ ಬರುತ್ತಲ್ಲ?

ಕಡಲಬದಿ:
ಬೆತ್ತ ಧಾರಾಳ ಬರ್ತದೆ ಮಾರಾಯ್ರೆ. ನಮ್ಮ ಉಡುಪಿ ಮಳೆಗೆ ಬೂಸ್ಟು ಹಿಡೀತದೆ, ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡ್ಬೇಕು, ಬೆಂಗಳೂರಲ್ಲಿ ಅಷ್ಟು ತೊಂದ್ರೆ ಇಲ್ಲ. ಪಶ್ಚಿಮದ ಕಿಟಕಿಗೆ ತಾಗಿಸಿ ಮಾತ್ರ ಇಡ್ಬೇಡಿ, ಬಿಸಿಲಿಗೆ ಒಣಗಿ ಸೀಳ್ತದೆ.

ಗೋಡೆಕೆಲಸ:
ಸುಣ್ಣ ನಂಗೂ ಪ್ರಾಣ ಮೇಡಂ, ಆದ್ರೆ ಈಗಿರೋ ಎಮಲ್ಷನ್ (ಮಾಮೂಲಿ ಗೋಡೆ ಪೇಂಟ್) ಮೇಲೆ ನೇರ ಹೊಡೆದ್ರೆ ಹಿಡ್ಕೊಳ್ಳಲ್ಲ, ಪುಡಿಪುಡಿಯಾಗಿ ಉದುರುತ್ತೆ. ಅದಕ್ಕೆ ಗಾರೆಯಂಥ, ನೀರು ಹೀರ್ಕೊಳ್ಳೋ ಮೈ ಬೇಕು. ಆ ಒಂದು ಗೋಡೆ ಪೂರ್ತಿ ಕೆರೆಸಿ, ತೆಳುವಾಗಿ ಮೂರು ನಾಲ್ಕು ಕೋಟ್, ಪ್ರತಿ ಕೋಟ್‌ಗೂ ಮುಂಚೆ ಗೋಡೆ ಒದ್ದೆ ಮಾಡಿಸಿ. ಹಚ್ಚುವಾಗ ನೀರು ನೀರಾಗೇ ಕಾಣುತ್ತೆ, ಒಣಗ್ತಾ ಒಣಗ್ತಾ ಬೆಳ್ಳಗಾಗುತ್ತೆ, ಗಾಬರಿಯಾಗಿ ದಪ್ಪ ಹಚ್ಚೋಕೆ ಪೇಂಟರ್‌ನ ಬಿಡ್ಬೇಡಿ.