ಇಳಿಸಿದ ಕಾರಿನ ಹಿಂದಿನ ಬುಶ್ ಏಳೇ ತಿಂಗಳಿಗೆ ಹರಿಯಿತು, ಯಾಕೆ?

ಪ್ರಶ್ನೆ (ಉಡುಪಿಯ ಸದಸ್ಯ): ನಮಸ್ಕಾರ ಅಣ್ಣಾ. ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೋ. ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಕಾರಿನ ಎತ್ತರ ಸುಮಾರು 40 ಮಿ.ಮೀ. ಇಳಿಸಿದ್ದೇನೆ. ಹಿಂದಿನ ಆಕ್ಸಲ್ ಕಾರಿನ ತಳಕ್ಕೆ ಸೇರುವ ಜಾಗದ ರಬ್ಬರ್ ಬುಶ್ ಹಳೆಯದಾಗಿತ್ತು ಅಂತ ಎರಡೂ ಕಡೆ ಹೊಸದು ಹಾಕಿಸಿದೆ. ಏಳು ತಿಂಗಳಿಗೆ ಎಡಗಡೆಯದು ಸೀಳಿದೆ. ಹಂಪ್ ಇಳಿಯುವಾಗ ಹಿಂದೆ ದಡ್ ಅನ್ನುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಮೂತಿ ಮೊದಲು ತಿರುಗಿ, ಹಿಂಭಾಗ ಆಮೇಲೆ ಯೋಚನೆ ಮಾಡಿ ಬಂದ ಹಾಗಿರುತ್ತದೆ. ಗ್ಯಾರೇಜಿನವರು "ಹಾಕಿದ್ದು ಒರಿಜಿನಲ್ ಪಾರ್ಟ್, ಕಾರು ಇಳಿಸಿದರೆ ಹೀಗೇ" ಅಂದರು. ರಬ್ಬರ್ ಬದಲು ಗಟ್ಟಿಯಾದ ಪಾಲಿಯುರೆಥೇನ್ ಬುಶ್ ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ): ಪಾರ್ಟ್ ಬೈಯುವ ಮೊದಲು ಒಂದು ಪ್ರಶ್ನೆ. ಬುಶ್ ಬೋಲ್ಟ್ ಕೊನೆಯದಾಗಿ ಟೈಟ್ ಮಾಡುವಾಗ ಕಾರು ಎಲ್ಲಿತ್ತು? ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿತ್ತಾ, ಇಲ್ಲ ನೆಲದ ಮೇಲೆ ನಿಂತಿತ್ತಾ?

ಉಡುಪಿಯ ಸದಸ್ಯ: ಲಿಫ್ಟ್ ಮೇಲೆ ಅಣ್ಣಾ. ಏರ್ ಗನ್‌ನಲ್ಲಿ ಟೈಟ್ ಮಾಡಿದರು. ಇನ್ನೊಂದು ವಿಷಯ. ಕಾರು ಕೆಳಗಿಳಿಸಿದಾಗ ಹಿಂದೆ ಒಂದು ಬೆರಳಷ್ಟು ಎತ್ತರ ಕಂಡಿತು. "ಓಡಿಸಿದರೆ ಕೂರುತ್ತದೆ" ಅಂದರು.

ಉತ್ತರ: ಆ ಒಂದು ಬೆರಳಿನಲ್ಲೇ ಉತ್ತರ ಇದೆ.

ಈ ಬುಶ್‌ನಲ್ಲಿ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಶೆಲ್, ನಡುವೆ ಎರಡಕ್ಕೂ ಅಂಟಿಸಿದ ರಬ್ಬರ್ ಇರುತ್ತದೆ. ಬೋಲ್ಟ್ ಟೈಟ್ ಮಾಡಿದ ಕೂಡಲೇ ಒಳಗಿನ ಕೊಳವೆ ಕಾರಿನ ತಳದ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ತಿರುಗುವುದೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗೆಲ್ಲ ರಬ್ಬರ್ರೇ ತಿರುಚಿಕೊಳ್ಳಬೇಕು. ಬೇರಿಂಗ್ ಥರ ಸುತ್ತುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಹಾಗಲ್ಲ.

ಚಕ್ರ ನೇತಾಡುವಾಗ ಟೈಟ್ ಮಾಡಿದರೆ ರಬ್ಬರ್ರಿಗೆ ಅದೇ ಆರಾಮದ ಸ್ಥಿತಿ. ಕಾರು ನೆಲಕ್ಕೆ ಬಂತೋ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ನಿಲ್ಲುತ್ತದೆ. ಮನೆ ಮುಂದೆ ಸುಮ್ನೆ ನಿಂತಿದ್ದರೂ ಹಾಗೇ ಇರುತ್ತದೆ.

ಇಳಿಸಿದ ಕಾರಿನಲ್ಲಿ ಇದು ಇನ್ನೂ ಜಾಸ್ತಿ. ಲೆಕ್ಕಕ್ಕೆ, ಬುಶ್‌ನಿಂದ ಚಕ್ರದ ನಡುವಿಗೆ 40 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಕಂಪನಿ ಎತ್ತರದ ಕಾರಿನಲ್ಲಿ ಚಕ್ರ ನೇತಾಡಿದರೆ 8 ಸೆಂ.ಮೀ. ಕೆಳಗೆ ಹೋಗುತ್ತದೆ ಅನ್ನಿ. ಅದು ಸುಮಾರು 11 ಡಿಗ್ರಿ ತಿರುಚು. ನೀವು 4 ಸೆಂ.ಮೀ. ಇಳಿಸಿದ್ದೀರಿ, ಶಾಕ್ ಅಬ್ಸಾರ್ಬರ್ ಹಳೆಯದೇ. ಈಗ ನೇತಾಡುವ ಜಾಗಕ್ಕೂ ನಿಲ್ಲುವ ಜಾಗಕ್ಕೂ 12 ಸೆಂ.ಮೀ. ಅಂತರ. ಅಂದರೆ 17 ಡಿಗ್ರಿ. ಇದರ ಮೇಲೆ ಹಂಪು, ಗುಂಡಿ, ಹಿಂದಿನ ಸೀಟಿನಲ್ಲಿ ಮೂರು ಜನ. ರಬ್ಬರ್ ಹರಿಯದೆ ಏನು ಮಾಡೀತು? ತಿರುಚಿದ ರಬ್ಬರ್ ಸ್ಪ್ರಿಂಗ್ ಥರ ಕಾರನ್ನು ಮೇಲಕ್ಕೆ ಒತ್ತುತ್ತಿತ್ತು. ನೀವು ಕಂಡ ಬೆರಳಿನಷ್ಟು ಎತ್ತರ ಅದೇ.

ಇನ್ನೊಂದು. ಬುಶ್ ಬದಲಿಸದೆ ಬರೀ ಸ್ಪ್ರಿಂಗ್ ಹಾಕಿಸಿದವರೂ ಬುಶ್ ಬೋಲ್ಟ್ ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಟೈಟ್ ಮಾಡಿಸಬೇಕು. ಇದನ್ನು ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಒಬ್ಬರೂ ಮಾಡಿಸಿರುವುದಿಲ್ಲ.

ಉಡುಪಿಯ ಸದಸ್ಯ: ಹಾಗಾದರೆ ಈ ಸಲ ಸರಿಯಾಗಿ ಹೇಗೆ ಹಾಕಿಸಲಿ? ನಾನೇ ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ.

ಉತ್ತರ: ಮೊದಲು ಪಿಟ್ (ಕಾರಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ) ಇರುವ ಜಾಗ ಹುಡುಕಿ. ವೀಲ್ ಅಲೈನ್‌ಮೆಂಟ್ ಅಂಗಡಿಯ ಪಿಟ್ ಆದರೆ ಒಳ್ಳೆಯದು. ಕಾರು ಚಕ್ರದ ಮೇಲೇ ನಿಂತಿರುತ್ತದೆ, ಕೆಳಗೆ ಕೈಯೂ ಹೋಗುತ್ತದೆ.

ಕಾರು ಮೇಲೆತ್ತುವ ಮೊದಲೇ ಅಳತೆ ತೆಗೆದುಕೊಳ್ಳಿ. ಹಬ್‌ನ ನಡುವಿನಿಂದ ನೇರ ಮೇಲಕ್ಕೆ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಟೇಪ್ ಹಿಡಿಯಬೇಕು. ಆದರೆ ನಿಮ್ಮ ಕಾರಿನಲ್ಲಿ ಈಗಿನ ಎತ್ತರವೇ ಸುಳ್ಳು, ಬುಶ್ ಒತ್ತಿ ಹಿಡಿದಿದೆಯಲ್ಲ. ಅದಕ್ಕೆ ಪಿಟ್ ಮೇಲೆ ಎರಡೂ ಕಡೆಯ ಹಳೆ ಬೋಲ್ಟ್ ಸಡಿಲಿಸಿ. ಬ್ರಾಕೆಟ್ಟನ್ನು ಕಾರಿನ ಬಾಡಿಯ ಮೇಲೆ ಹಿಡಿದಿರುವ ಬೋಲ್ಟ್ ಅಲ್ಲ, ಬುಶ್‌ನ ನಡುವೆ ಹಾದುಹೋಗುವ ಉದ್ದನೆಯದು. ಬಿಚ್ಚಬೇಡಿ, ಸಡಿಲ ಅಷ್ಟೇ. ಹಿಂದಿನ ಬಂಪರ್ ಮೇಲೆ ನಾಲ್ಕು ಸಲ ಒತ್ತಿ ಅಲ್ಲಾಡಿಸಿ, ಕಾರನ್ನು ಎರಡಡಿ ಹಿಂದೆ ಮುಂದೆ ತಳ್ಳಿ. ಆಮೇಲೆ ಬಂದ ಅಳತೆಯನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಫೆಂಡರ್‌ಗೇ ಅಂಟಿಸಿ.

ನಿಮ್ಮದು ಕರಾವಳಿ, ಉಪ್ಪುಗಾಳಿ. ಬೋಲ್ಟ್ ಒಳಗಿನ ಕೊಳವೆಗೇ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಏನೇ ಆದರೂ ಹೊಸ ಬೋಲ್ಟ್ ತಂದಿಟ್ಟುಕೊಳ್ಳಿ.

ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ, ನಿಮ್ಮ ಆಕ್ಸಲ್) ಕೆಳಗಿಳಿಸುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಜಗ್ಗಬಾರದು. ಹಳೆ ಬುಶ್ ತೆಗೆಯುವ ಮೊದಲು ಅದು ಹೇಗೆ ಕೂತಿದೆ ಅಂತ ಬೀಮ್ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಫೋಟೋನೂ ತೆಗೆಯಿರಿ. ರಬ್ಬರ್ ನಡುವೆ ಖಾಲಿ ಜಾಗ ಕಾಣುತ್ತದಲ್ಲ, ಅದು ಬೇಕೆಂದೇ ಬಿಟ್ಟಿದ್ದು. ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ. ನಾನೇ ಒಮ್ಮೆ ರಾತ್ರಿ ಅವಸರದಲ್ಲಿ ಕಾಲು ಸುತ್ತು ತಪ್ಪಿಸಿ ಕೂರಿಸಿದ್ದೆ. ಬ್ರೇಕ್ ಹಾಕಿದರೆ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ ಅಂತ ಗಿರಾಕಿ ಬೆಳಿಗ್ಗೆಯೇ ವಾಪಸ್ ಬಂದರು. ಎರಡನೇ ಜೊತೆ ಬುಶ್ ನನ್ನ ದುಡ್ಡಿನಲ್ಲೇ ಹಾಕಿದೆ.

ಹಳೆಯದನ್ನು ಬೆಂಕಿ ಹಚ್ಚಿ ತೆಗೆಯಲು ಬಿಡಬೇಡಿ. ಆ ಹೊಗೆಯೂ ಕೆಟ್ಟದ್ದು, ಪಕ್ಕದಲ್ಲೇ ಬ್ರೇಕ್ ಪೈಪ್ ಇದೆ. ಹೊಸದನ್ನು ಒತ್ತುವಾಗ ಬಲ ಹೊರ ಶೆಲ್ಲಿನ ಅಂಚಿಗೇ ಬೀಳಬೇಕು. ಜಾರಲು ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

ಆಮೇಲೆ ಎಲ್ಲ ಬೋಲ್ಟ್ ಕೈಯಲ್ಲಿ ತಿರುಗಿಸಿದಷ್ಟೇ ಬಿಟ್ಟು, ಚಕ್ರ ಹಾಕಿ, ಕಾರು ಕೆಳಗಿಳಿಸಿ. ಪಿಟ್ ಮೇಲೆ ಮತ್ತೆ ಒತ್ತಿ ಅಲ್ಲಾಡಿಸಿ, ತಳ್ಳಿ. ಟೇಪಿನಲ್ಲಿ ಬರೆದ ಅಳತೆ ಬಂತಾ ನೋಡಿ. ಬಂದ ಮೇಲೆ ಟಾರ್ಕ್ ವ್ರೆಂಚ್ (ಎಷ್ಟು ಬಲಕ್ಕೆ ಬಿಗಿಯಿತು ಅಂತ ತೋರಿಸುವ ಪಾನಾ), ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ. ಏರ್ ಗನ್ ಅವತ್ತು ಗೋಡೆಯ ಮೊಳೆಯಲ್ಲೇ ಇರಲಿ. ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟೂ ಹೀಗೇ, ಅಲ್ಲೂ ರಬ್ಬರ್ ಬುಶ್ ಇದೆ.

ಪಾಲಿ ಬುಶ್ ವಿಷಯ. ಅದು ಒಳಗಿನ ಕೊಳವೆಯ ಮೇಲೆ ಸುತ್ತುತ್ತದೆ, ಹಾಗಾಗಿ ಎತ್ತರದ ತಲೆನೋವಿಲ್ಲ. ಆದರೆ ನಿಮ್ಮ ಬೀಮ್ ಒಂದೇ ದಿಕ್ಕಿಗೆ ಆಡುವುದಲ್ಲ, ಓರೆಯಾಗಿಯೂ ತಿರುಚುತ್ತದೆ. ಗಟ್ಟಿ ಪಾಲಿ ಅದಕ್ಕೆ ಬಗ್ಗುವುದಿಲ್ಲ. ರಸ್ತೆಯ ಸದ್ದೆಲ್ಲ ಒಳಗೆ ಬರುತ್ತದೆ, ಸಿಲಿಕೋನ್ ಗ್ರೀಸ್ ಒಣಗಿದರೆ ಕಿರ್ ಕಿರ್ ಬೇರೆ. ಕೊಯಮತ್ತೂರಿನ 'ಕರಿ' ರೇಸ್ ಟ್ರ್ಯಾಕಿಗೆ ಹೋಗುವವರು ಹಾಕಿಕೊಳ್ಳಲಿ. ದಿನಾ ಮಣಿಪಾಲಕ್ಕೆ ಓಡಾಡುವ ಕಾರಿಗೆ ನಾನಂತೂ ಹಾಕುವುದಿಲ್ಲ.

ಹುಬ್ಬಳ್ಳಿಯ ಸದಸ್ಯ: ಸರ್, ನನ್ನದು ಸ್ಕೋಡಾ ಲಾರಾ, ಹಿಂದೆ ಮಲ್ಟಿಲಿಂಕ್ (ಬೀಮ್ ಬದಲು ಪ್ರತಿ ಚಕ್ರಕ್ಕೂ ಹಲವು ಲಿಂಕ್), ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಇದೆ. ಎತ್ತರ ಬದಲಿಸಿದಾಗೆಲ್ಲ ಎಲ್ಲಾ ಬೋಲ್ಟ್ ಸಡಿಲಿಸಬೇಕಾ?

ಉತ್ತರ: 5 ಮಿ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 15 ದಾಟಿದರೆ ಮಾಡಿಸಿ. ರಬ್ಬರ್ ಬುಶ್ ಇರುವ ಪ್ರತಿ ಲಿಂಕಿನ ತುದಿಯೂ ಲೆಕ್ಕಕ್ಕೆ ಬರುತ್ತದೆ. ಟೋ, ಕ್ಯಾಂಬರ್ (ಚಕ್ರ ನಿಲ್ಲುವ ಕೋನಗಳು) ಹೊಂದಿಸುವ ಬೋಲ್ಟ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಅಂಚು ಸವೆದುಹೋಗುತ್ತದೆ. ಪೋಲೋ ಬೀಮ್‌ನಲ್ಲಿ ಹಿಂದೆ ಹೊಂದಿಸಲು ಏನೂ ಇಲ್ಲ, ಅಲ್ಲಿ ಬರೀ ಪರೀಕ್ಷೆ.

ಕಾರು ಇಳಿಸಲು ಕಾನೂನು ಬಿಡುತ್ತಾ ಅಂತ ಕೇಳುವವರಿದ್ದೀರಿ, ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಾನು ಬುಶ್ ಹಾಕಿಕೊಡುತ್ತೇನೆ, ಆರ್‌ಟಿಒ ಹತ್ತಿರ ಜೊತೆಗೆ ಬರುವುದಿಲ್ಲ!

ಉಡುಪಿಯ ಸದಸ್ಯ (ಮೂರು ವಾರದ ನಂತರ): ಅಣ್ಣಾ, ಆಯಿತು. ಬಲಗಡೆಯ ಬುಶ್ ಇನ್ನೂ ಗಟ್ಟಿ ಇತ್ತು. ಆ ಬೋಲ್ಟ್ ಸಡಿಲಿಸಿದಾಗ 'ಕಟ್' ಅಂತ ಸದ್ದು ಬಂತು, ಕಾರು ನಮ್ಮ ಕಣ್ಣೆದುರೇ ಕೂತಿತು. ಅಳೆದರೆ 6 ಮಿ.ಮೀ. ಇಳಿದಿತ್ತು. ಪಿಟ್‌ನಲ್ಲಿದ್ದ ಹುಡುಗ ಹೆದರಿ ಹೊರಗೇ ಬಂದ. ದಡ್ ಸದ್ದು ಈಗ ಇಲ್ಲ. ಹೊಸದು ಹಾಕಿದ ಮೇಲೆ ಬಲಕ್ಕೆ 316, ಎಡಕ್ಕೆ 319 ಬಂದಿದೆ. ಮೂರು ಮಿ.ಮೀ. ವ್ಯತ್ಯಾಸ ಸರಿನಾ?

ಉತ್ತರ: ಸರಿ ಇದೆ, ಸ್ಪ್ರಿಂಗ್‌ನಲ್ಲೇ ಅಷ್ಟು ಹೆಚ್ಚು ಕಡಿಮೆ ಇರುತ್ತದೆ. ಆ ಮಾಸ್ಕಿಂಗ್ ಟೇಪ್ ಕಿತ್ತು ಡ್ಯಾಶ್‌ಬೋರ್ಡ್ ಡಬ್ಬದ ಒಳಗೆ ಅಂಟಿಸಿಡಿ. ಮುಂದಿನ ಸಲ ಶಾಕ್ ಅಬ್ಸಾರ್ಬರ್ ಬದಲಿಸುವವರಿಗೆ ಬೇಕಾಗುತ್ತದೆ.